ಒರೆಸಿದ ಹೆಸರು

ನನ್ನ ಹೆಸರನ್ನು ಹಲಗೆಯ ಮೇಲ್ತುದಿಯಲ್ಲಿ ಬರೆದ ದಿನ ನನಗೆ ಮೊಟ್ಟಮೊದಲು ಬಂದದ್ದು ಜವರಮ್ಮನ ಮೊಣಕಾಲು ನೋವು. ದೇವೀರಮ್ಮ ಎಂದು ಬರೆದ ಸೀಮೆಸುಣ್ಣ ಇನ್ನೂ ಹಲಗೆ ಬಿಟ್ಟು ಎದ್ದಿರಲಿಲ್ಲ, ನಾನು ಬಲಗಾಲು ಹಿಡಿದುಕೊಂಡು ನೆಲಕ್ಕೆ ಕುಕ್ಕರಿಸಿದ್ದೆ. "ಅದು ನಂದು ಕಣವ್ವ," ಎಂದಳು ಜವರಮ್ಮ, ಮಗುವನ್ನು ನೆಂಟರಿಗೆ ತೋರಿಸುವವಳ ಹಾಗೆ. "ಹತ್ತು ವರ್ಸದ್ದು. ಮೋಡ ಕಟ್ಟಿದ್ರೆ ವಸಿ ಜಾಸ್ತಿ ಆಯ್ತದೆ. ಒಗ್ಗೋಯ್ತದೆ ಬುಡು." ಅದರ ಬೆನ್ನಿಗೇ ಮಿಕ್ಕವರದೆಲ್ಲ ಬಂತು. ಮೂವತ್ತನಾಲ್ಕು ಹೆಂಗಸರ ಬೆರಳುರಿ, ಸೊಂಟನೋವು, ಒಬ್ಬಳ ಹುಳುಕು ಹಲ್ಲು, ಇನ್ನೊಬ್ಬಳ ಬೆಳಗಿನಿಂದ ಏನೂ ಕಾಣದ ಹೊಟ್ಟೆ. ಬಾಗಿಲು ತೆಗೆದ ಕೂಡಲೇ ಬಸ್ಸಿಗೆ ನುಗ್ಗುವ ಜನದ ಹಾಗೆ ಎಲ್ಲವೂ ಒಟ್ಟಿಗೆ ನುಗ್ಗಿದವು. ನಾನು ಗೊಳೋ ಎಂದು ಅತ್ತೆ. ಅವರು ನನಗೆ ಕಾಫಿ ಕೊಟ್ಟರು. ಅಂದಿನಿಂದ ನಾನು ನೂಲಿನ ಶೆಡ್ಡಿನ ದೊಡ್ಡಕ್ಕ.

ನಮ್ಮೂರಿನಲ್ಲಿ ಹೀಗೇ. ಪಟ್ಟಿಯಲ್ಲಿ ಯಾರ ಹೆಸರು ಮೇಲಿರುತ್ತದೋ ಅವರಿಗೆ ಕೆಳಗಿನ ಹೆಸರಿನವರ ನೋವು ಬರುತ್ತದೆ. ಬಂದಿತೆಂದು ಕೆಳಗಿನವರದು ಕಮ್ಮಿಯಾಗುವುದಿಲ್ಲ, ಒಂದು ನೋವು ಎರಡಾಗುತ್ತದೆ ಅಷ್ಟೆ. ಹೊರಗಿನಿಂದ ಬಂದ ನೆಂಟರು ಇದೇನು, ಯಾಕೆ ಎಂದು ಕೇಳುತ್ತಾರೆ. ನಿಮ್ಮೂರಲ್ಲಿ ಮಳೆ ಯಾಕೆ ಮೇಲಿನಿಂದಲೇ ಬೀಳುತ್ತದೆ ಎಂದು ನಾವು ಅವರನ್ನು ಕೇಳಿದ್ದೇವೆಯೇ? ನಮ್ಮ ಹೆಡ್‌ಮಾಸ್ಟರು ಮನೆಯಲ್ಲಿ ನಾಲ್ಕು ರೊಟ್ಟಿ ಬಾರಿಸಿ ಬಂದರೂ ಹತ್ತೂವರೆಗೆಲ್ಲ ಅವರ ಹೊಟ್ಟೆ ಚುರುಗುಟ್ಟುತ್ತದೆ, ಅದಕ್ಕೇ ಶಾಲೆಯಲ್ಲಿ ಊಟದ ಗಂಟೆ ಹನ್ನೊಂದಕ್ಕೇ ಹೊಡೆಯುತ್ತದೆ. ಪುರಸಭೆಯ ಅಧ್ಯಕ್ಷರು ತಮ್ಮದಲ್ಲದ ಹಲ್ಲುನೋವಿಗೆ ದವಡೆ ಹಿಡಿದುಕೊಂಡು, ಇದು ಯಾರದಯ್ಯಾ, ಬೇಗ ಕೀಳಿಸಿಕೊಳ್ರಯ್ಯಾ ಎಂದು ಬೀದಿ ಗುಡಿಸುವವರ ಹಿಂದೆ ಅಲೆಯುತ್ತಾರೆ. ಹೊಳೆಯಾಚೆಯ ಆಸ್ಪತ್ರೆಯಲ್ಲಿ ಡಾಕ್ಟರು ರೋಗಿಯ ಮುಖವನ್ನೂ ನೋಡುವುದಿಲ್ಲ, ಜೊತೆಗೆ ಬಂದ ಮುಖ್ಯಸ್ಥರನ್ನೇ ಕೂರಿಸಿಕೊಂಡು ಎಲ್ಲಿ, ಹೇಗೆ, ಎಷ್ಟು ದಿನದಿಂದ ಎಂದು ಕೇಳುತ್ತಾರೆ. ಮುಖ್ಯಸ್ಥರಿಲ್ಲದೆ ಒಬ್ಬರೇ ಆಸ್ಪತ್ರೆಗೆ ಹೋದವರನ್ನು ನಾನಂತೂ ಕಂಡಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಬೇರೆಯವರಿಗೆ ಗೇಲಿಯ ಗಾದೆ, ನಮಗೆ ಅದೇ ವೈದ್ಯ.

ಹೀಗಾಗಿ ನಮ್ಮೂರಿನಲ್ಲಿ ಯಾರೂ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಗಿದ್ದೀಯಾ ಎಂದು ಕೇಳುವುದೂ ಒಂದು ಬಗೆಯ ಅಸಭ್ಯತೆ. ಕೇಳಿದರೆ, ನಿನ್ನನ್ನು ನೋಡಿಕೊಳ್ಳಬೇಕಾದವರು ನೋಡುತ್ತಿಲ್ಲ ಎಂದು ಆಡಿಕೊಂಡ ಹಾಗೆ. ಅತ್ತರೆ ತಾನೇ ತಾಯಿ ಹಾಲು ಕೊಡುವುದು ಎನ್ನುತ್ತಾರಲ್ಲ, ನಮ್ಮಲ್ಲಿ ಅಳುವ ಮೊದಲೇ ತಾಯಿಯ ಹೊಟ್ಟೆ ಕಿವುಚಿರುತ್ತದೆ. ಅದೇ ನಮ್ಮ ಊರಿನ ದೊಡ್ಡಸ್ತಿಕೆ ಎಂದು ನಾವು ನಂಬಿಕೊಂಡಿದ್ದೆವು.

ಇಂಥ ಕಡೆ ಮೇಲೆ ಕೂರಲು ಯಾರು ಬರುತ್ತಾರೆ? ಚುನಾವಣೆ ಎಂದರೆ ಜನ ನೆಂಟರೂರಿಗೆ ಪರಾರಿಯಾಗುತ್ತಾರೆ. ನಮ್ಮ ಶೆಡ್ಡಿನಲ್ಲಿ ಇರುವ ಪದ್ಧತಿ ಇಷ್ಟೇ: ಹಳೆಯ ದೊಡ್ಡಕ್ಕ ಸಾಕು ಎಂದರೆ, ಯುಗಾದಿಯ ಮಾರನೇ ದಿನ ಕೆಲಸಕ್ಕೆ ಯಾರು ಕೊನೆಯವರಾಗಿ ಬರುತ್ತಾರೋ ಅವರೇ ಹೊಸ ದೊಡ್ಡಕ್ಕ. ಆ ದಿನ ಕೋಳಿ ಕೂಗುವ ಮೊದಲೇ ಹೆಂಗಸರೆಲ್ಲ ಬಾಗಿಲಲ್ಲಿ ಜಮಾಯಿಸಿರುತ್ತಾರೆ. ಆ ವರ್ಷ ನಾನು ಏಳು ಹೋಳಿಗೆ ತಿಂದು ಮಲಗಿದವಳು ಬಿಸಿಲು ಮುಖಕ್ಕೆ ಬಿದ್ದಾಗಲೇ ಎದ್ದದ್ದು. ಒಂಬತ್ತು ವರ್ಷ ಅನುಭವಿಸಿದ್ದ ಹಳೆಯ ದೊಡ್ಡಕ್ಕ ನನ್ನನ್ನು ದೂರದಿಂದ ಕಂಡದ್ದೇ ತಡ, ತನ್ನ ಹೆಸರು ತಾನೇ ಒರೆಸಿ ಹಿತ್ತಲ ಬಾಗಿಲಿನಿಂದ ಓಡಿಹೋದಳು. ಏಳು ಹೋಳಿಗೆಯ ಋಣ ಇಷ್ಟು ದೂರ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಮ್ಮದು ರೇಷ್ಮೆ ನೂಲು ಬಿಚ್ಚುವ ಶೆಡ್ಡು. ಮೂವತ್ತನಾಲ್ಕು ಬೋಗುಣಿ, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಕಡಾಯಿಯಲ್ಲಿ ಬೆಂದ ಗೂಡುಗಳನ್ನು ಬಿಸಿನೀರಿನ ಬೋಗುಣಿಗೆ ಸುರಿಯುತ್ತಾರೆ, ಇವರು ಬೆರಳು ಅದ್ದಿ ಎಳೆ ಹುಡುಕಿ ರಾಟೆಗೆ ಕೊಡಬೇಕು. ದಿನವಿಡೀ ನೀರಿನಲ್ಲಿದ್ದು ಬೆರಳಿನ ತುದಿ ಬಿಳಿಚಿ ಸುಲಿದುಹೋಗುತ್ತದೆ. ನಾನೂ ಇಪ್ಪತ್ತು ವರ್ಷ ಮಾಡಿದ ಕೆಲಸವೇ. ಆದರೆ ನನ್ನ ಹತ್ತು ಬೆರಳು ಉರಿಯುವುದು ಬೇರೆ, ಮುನ್ನೂರ ನಲವತ್ತು ಬೆರಳು ಉರಿಯುವುದು ಬೇರೆ. ಮೊದಲ ವಾರ ಅನ್ನ ಕಲಸಲು ಆಗದೆ ಚಮಚದಲ್ಲಿ ತಿಂದೆ. ಎರಡನೇ ವಾರ ಎದ್ದುಹೋಗಿ ಕಡಾಯಿಯವನ ಜೊತೆ ಜಗಳ ತೆಗೆದು ನೀರಿನ ಕಾವು ಇಳಿಸಿದೆ. ಒಂದೊಂದು ಬೋಗುಣಿಯ ಪಕ್ಕ ಒಂದೊಂದು ಬಟ್ಟಲು ಕೊಬ್ಬರಿ ಎಣ್ಣೆ ಇಟ್ಟೆ. ಸೊಂಟ ಹಿಡಿಯುವುದಕ್ಕೆ ಮಣೆಗಳೇ ಕಾರಣ ಎಂದು ನನ್ನ ಸೊಂಟವೇ ಹೇಳಿತು, ಬಡಗಿಯನ್ನು ಕರೆಸಿ ಮಣೆಗಳನ್ನು ಒಂದು ಗೇಣು ಎತ್ತರಿಸಿದೆ. ನೀರು ಹೊತ್ತೆ, ಕಸ ಗುಡಿಸಿದೆ, ಹತ್ತು ಗಂಟೆಗೆ ಉಪ್ಪಿಟ್ಟು ಮಾಡಿ ಬಡಿಸಿದೆ. ಯಾರಿಗಾದರೂ ತಲೆ ಸಿಡಿಯತೊಡಗಿದರೆ ಅವಳು ಹಣೆಗೆ ಕೈ ಇಡುವ ಮೊದಲೇ ನಾನು ಅವಳ ಹಿಂದೆ ನಿಂತಿರುತ್ತಿದ್ದೆ. ದೊಡ್ಡಕ್ಕ ಅಂದರೆ ಇವಳು ಎಂದು ಜನ ಅಂದರು. ನನಗೂ ಹೌದು ಅನ್ನಿಸಿತು.

ಹೆಸರು ಒರೆಸುವ ಪದ್ಧತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಎರಡು ಸಂದರ್ಭದಲ್ಲಿ ಮಾತ್ರ ಹಲಗೆಯಿಂದ ಹೆಸರು ಒರೆಸುತ್ತಾರೆ. ಒಂದು ಹೆರಿಗೆಗೆ, ಇನ್ನೊಂದು ಸಾವಿಗೆ. ಆ ಎರಡು ನೋವು ಮೇಲಿನವರಿಗೆ ತಟ್ಟಬಾರದು ಎಂಬ ಮರ್ಯಾದೆ ಅದು. ಹೆಂಗಸಿಗೆ ಹೊಟ್ಟೆನೋವು ಶುರುವಾದ ಸುದ್ದಿ ಬಂದರೆ ಪಕ್ಕದ ಮಣೆಯವಳು ಎದ್ದು ಒದ್ದೆ ಬಟ್ಟೆಯಲ್ಲಿ ಹೆಸರು ಒರೆಸುತ್ತಾಳೆ, ಬಾಣಂತಿ ಎದ್ದು ಓಡಾಡುವ ಹೊತ್ತಿಗೆ ಮತ್ತೆ ಬರೆಯುತ್ತಾಳೆ. ನಮ್ಮ ಶೆಡ್ಡಿನ ಖಾತೂನ್‌ಬಿ ಹೆತ್ತಾಗ ನನಗೆ ಏನೂ ಗೊತ್ತಾಗಲೇ ಇಲ್ಲ, ಕೈಗೆ ಸಕ್ಕರೆ ಬಂದಾಗಲೇ ತಿಳಿದದ್ದು. ಒರೆಸಿದ ಸಂಗತಿಯನ್ನು ಒರೆಸಿಕೊಂಡವರಿಗೆ ಮಾತ್ರ ಯಾರೂ ಹೇಳುವುದಿಲ್ಲ. ನಿನ್ನ ಹೆಸರು ಅಳಿಸಿದೆವು ಎಂದು ಬದುಕಿರುವವಳ ಮುಂದೆ ಆಡುವುದು ಅಪಶಕುನ. ನಮ್ಮ ಹೆಂಗಸರು ಬೇರೆ ಯಾವುದನ್ನು ಮರೆತರೂ ಅಪಶಕುನವನ್ನು ಮರೆಯುವವರಲ್ಲ.

ಎರಡನೇ ವರ್ಷಕ್ಕೆ ನನ್ನ ಮೈ ಹಗುರವಾಗತೊಡಗಿತು. ಬೆರಳುರಿ ಇಳಿಯಿತು. ಜವರಮ್ಮನ ಮೊಣಕಾಲು ಒಂದು ದಿನ ಇದ್ದಕ್ಕಿದ್ದಂತೆ ನಿಂತೇಹೋಯಿತು. ನಾನೇ ಹೊಳೆಯಾಚೆಯಿಂದ ತಂದುಕೊಟ್ಟ ಎಣ್ಣೆಯ ಗುಣ ಎಂದು ಬೀಗಿದೆ. ಸೊಂಟ ಸರಿಹೋಯಿತು, ಹಲ್ಲು ಸುಮ್ಮನಾಯಿತು, ಮೂರನೇ ವರ್ಷಕ್ಕೆ ಬೆರಳ ತುದಿಯ ಅಷ್ಟಿಷ್ಟು ಉರಿ ಬಿಟ್ಟರೆ ತಿಂಗಳಿಗೊಮ್ಮೆ ಒಂದು ಸಣ್ಣ ತಲೆನೋವು ಬಂದರೆ ಹೆಚ್ಚು. ನಾನು ದಪ್ಪಗಾದೆ. ಮಾತು ಕಲಿತೆ. ನೋವಿಲ್ಲದ ಶೆಡ್ಡು ಎಂದು ಊರೆಲ್ಲ ಹೆಸರಾಯಿತು, ಹೇಗೆ ಮಾಡಿದಿರಿ ಎಂದು ಕೇಳಿಕೊಂಡು ಅಕ್ಕಿ ಗಿರಣಿಯವರು ಬಂದರು, ಶಾಲೆಯವರು ಬಂದರು. ಹೋಗಿ ಭಾಷಣ ಮಾಡಿದೆ. ಮೇಲಿರುವವನು ಕೆಳಗಿರುವವನ ಆಳು, ಆಳಿನ ಕಿವಿ ಅವನ ಮೈಯೇ, ಎಂದು ಶುರುಮಾಡಿದರೆ ಅರ್ಧ ಗಂಟೆ ನಿಲ್ಲುತ್ತಿರಲಿಲ್ಲ. ಉಪ್ಪಿಟ್ಟಿನ ಕೆಲಸ ಬೇರೆಯವರಿಗೆ ಹೋಯಿತು. ಶೆಡ್ಡಿಗೆ ದಿನಕ್ಕೊಂದು ಸಲ ಬಂದು, ಬಾಗಿಲಲ್ಲಿ ನಿಂತು, ನನ್ನ ಮೈಗೆ ಕಿವಿಗೊಟ್ಟು, ಎಲ್ಲ ಸರಿಯಾಗಿದೆ ಎಂದು ಹೊರಟುಬಿಡುತ್ತಿದ್ದೆ. ಹಲಗೆ ಇದ್ದದ್ದು ಒಳಗಡೆ ಗೂಡಿನ ಮೂಟೆಗಳ ಕೋಣೆಯಲ್ಲಿ. ಅದನ್ನು ನೋಡಿ ವರ್ಷವೇ ಆಗಿತ್ತು. ನೋವೇ ಬಂದು ಹೇಳುವಾಗ ಹೆಸರು ಓದುವ ದರ್ದೇನಿತ್ತು?

ಪುರಸಭೆಯವರು ನನಗೆ ಸನ್ಮಾನ ಇಟ್ಟುಕೊಂಡರು. ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಯಕ್ರಮ. ಜರಿ ಶಾಲು, ಹಣ್ಣಿನ ಬುಟ್ಟಿ, ದೊಡ್ಡ ಕುರ್ಚಿ. ಅಧ್ಯಕ್ಷರು ದವಡೆ ಒತ್ತಿಕೊಳ್ಳುತ್ತಲೇ ಮಾತಾಡಿದರು. "ನಂಗೆ ಈ ಹೊತ್ತು ಮೂರು ಹಲ್ಲು, ಎರಡು ಬೆನ್ನು, ಒಂದು ಕಿವಿ ನೋಯ್ತಾ ಅವೆ. ಈಯಮ್ಮನ್ನ ನೋಡಿ, ಗುಂಡುಕಲ್ಲು ಇದ್ದಂಗವ್ರೆ. ಯಾಕೆ? ತಮ್ಮ ಜನನ ಹಂಗೆ ನೋಡ್ಕಂಡವ್ರೆ." ಜನ ಚಪ್ಪಾಳೆ ತಟ್ಟಿದರು. ಹೊಗಳಿ ಹೊನ್ನಶೂಲಕ್ಕೆ ಏರಿಸುವುದು ಎನ್ನುತ್ತಾರಲ್ಲ, ನಾನು ಶಾಲು ಹೊದ್ದುಕೊಂಡು ಸುಖವಾಗಿ ಏರುತ್ತಿದ್ದೆ. ಹಾಗೆ ಕೂತಿದ್ದಾಗ ನನ್ನ ಮೈ ತೀರ ಸುಮ್ಮನಿದೆ ಎಂದು ಗಮನಕ್ಕೆ ಬಂತು.

ತೀರ ಎಂದರೆ ತೀರ. ಎಷ್ಟು ಹಗುರವಾಗಿದ್ದ ದಿನವೂ ಬೆರಳ ತುದಿಯಲ್ಲಿ ಒಂದಿಷ್ಟು ಉರಿ, ಕಣ್ಣಲ್ಲಿ ಒಂದಿಷ್ಟು ಹೊಗೆ ಇದ್ದೇ ಇರುತ್ತಿತ್ತು. ಮೂವತ್ತನಾಲ್ಕು ಜನ ಬಿಸಿನೀರಿನಲ್ಲಿ ಕೈಯಿಟ್ಟು ಕೂತಿರುವಾಗ ಅಷ್ಟೂ ಇಲ್ಲದಿದ್ದರೆ ಹೇಗೆ? ಬೆರಳು ಮಡಚಿ ನೋಡಿದೆ. ಏನೂ ಇಲ್ಲ.  ಒಂದೇ ಯೋಚನೆ ಬಂತು: ಎಲ್ಲರೂ ಸತ್ತಿದ್ದಾರೆ. ನೀರು ಕಾಯಿಸುವ ಬಾಯ್ಲರು ಸಿಡಿದು ಒಂದೇ ಏಟಿಗೆ ಎಲ್ಲರೂ ಹೋಗಿದ್ದಾರೆ, ನೋವು ನನ್ನವರೆಗೆ ಬರುವಷ್ಟೂ ಪುರುಸೊತ್ತು ಸಿಕ್ಕಿಲ್ಲ. ಅಧ್ಯಕ್ಷರು ಇನ್ನೂ ಹೊಗಳುತ್ತಿದ್ದರು. ನಾನು ಎದ್ದು, ವೇದಿಕೆಯಿಂದ ದುಮುಕಿ, ಹೆಗಲ ಮೇಲೆ ಶಾಲು ಹಾಗೇ ಇದ್ದಂತೆ ಬೀದಿಯಲ್ಲಿ ಓಡಿದೆ. ಐವತ್ತು ವರ್ಷದ ಹೆಂಗಸು ಜರಿ ಶಾಲು ಹೊದ್ದು ಓಡುವುದನ್ನು ಕಂಡು ನಾಯಿಗಳೂ ದಾರಿ ಬಿಟ್ಟವು.

ಶೆಡ್ಡಿನ ಬಾಗಿಲಲ್ಲಿ ರಾಟೆಯ ಸದ್ದು ಕೇಳಿಸಿತು. ಒಳಗೆ ಎಲ್ಲರೂ ಇದ್ದ ಹಾಗೆ ಕಂಡಿತು. ಬೋಗುಣಿಗಳಿಂದ ಹಬೆ ಏಳುತ್ತಿತ್ತು, ಯಾರೋ ಸೋಬಾನೆ ಹಾಡುತ್ತಿದ್ದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು, ಬದುಕಿದ್ದಾರಲ್ಲ ಎಂದು ಕಣ್ಣೀರು ಹಾಕಿದೆ. ಹಾಡು ನಿಂತಿತು. ಎಲ್ಲರೂ ಒಟ್ಟಿಗೆ ನನ್ನನ್ನು ನೋಡಿ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದರು. ಆಮೇಲೆ ಒಂದೊಂದಾಗಿ ಕಣ್ಣುಗಳು ಮೂಟೆಯ ಕೋಣೆಯ ಕಡೆ ಹೊರಳಿದವು. ನಾನು ಹೋಗಿ ನೋಡಿದೆ. ಹಲಗೆಯ ಮೇಲೆ ನನ್ನ ಹೆಸರು ಒಂದೇ ಇತ್ತು. ಅದರ ಕೆಳಗೆ ಒಂದು ಅಕ್ಷರವಿಲ್ಲ, ಒದ್ದೆ ಬಟ್ಟೆಯ ಗೀರುಗಳು ಮಾತ್ರ ಇನ್ನೂ ಆರುತ್ತಿದ್ದವು.

 ಮೂವತ್ತನಾಲ್ಕು ಹೆಣವನ್ನು ಸಾಲಾಗಿ ಮಲಗಿಸಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲವೇನೋ. ಜವರಮ್ಮ ಬಂದು ಪಕ್ಕದಲ್ಲಿ ನಿಂತಳು. ನನಗೆ ಎಳೆ ಹಿಡಿಯುವುದನ್ನು ಕಲಿಸಿದವಳು ಅವಳು, ನನಗಿಂತ ಹತ್ತು ವರ್ಷ ದೊಡ್ಡವಳು. "ಯಾಕಿಂಗ್ ನೋಡೀಯೆ ದೊಡ್ಡಕ್ಕ," ಎಂದಳು. "ಇವತ್ತು ನಿಂಗೆ ಶಾಲು ಹೊದಿಸ್ತಾರೆ ಅಂದ್ರು. ಇದೊಂದಿನ ನಿನ್ ಮೈ ನಿಂದಾಗಿರ್ಲಿ ಅಂತ ಒರೆಸುದ್ವಿ. ಸಂಜಿಕೆ ಬರ್ದುಬುಡ್ತಿದ್ವಿ."

"ಇದೊಂದೇ ದಿನಾನಾ?"

ಜವರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಹಲಗೆಯ ಪಕ್ಕದ ಮೊಳೆಗೆ ಒಂದು ಬಟ್ಟೆ ನೇತುಹಾಕಿತ್ತು. ಒರೆಸಿ ಒರೆಸಿ ಜಾಳುಜಾಳಾಗಿದ್ದ ಬಟ್ಟೆ. ಹೆರಿಗೆ ಸಾವುಗಳಿಗೆ ಮಾತ್ರ ಎತ್ತಿಕೊಳ್ಳುವ ಬಟ್ಟೆ ಮೂರು ಜನ್ಮಕ್ಕೂ ಅಷ್ಟು ಸವೆಯುವುದಿಲ್ಲ. ನಾನು ಅದನ್ನು ಕೈಗೆ ತೆಗೆದುಕೊಂಡಾಗ ಖಾತೂನ್‌ಬಿ ಹಿಂದಿನಿಂದ ಮೆಲ್ಲಗೆ ಹೇಳಿದಳು, "ಎರಡು ವರ್ಸದಿಂದ ದೊಡ್ಡಕ್ಕ. ನಮ್ಗೋಸ್ಕರ ಎಷ್ಟು ಮಾಡ್ದೆ ನೀನು. ನಿನ್ ಕೈಲಿ ಚಮ್ಚ ನೋಡಿ ನಮ್ಗೆ ಅನ್ನ ಇಳೀತಿರ್ಲಿಲ್ಲ. ಮೊದ್ಲು ಜವರಮ್ಮ ಅವ್ರ ಹೆಸ್ರು ಅವ್ರೇ ಒರೆಸ್ಕೊಂಡ್ರು. ಆಮೇಲೆ ಯಾರ್‌ಗೆ ಜಾಸ್ತಿ ನೋವಿರುತ್ತೋ ಅವ್ರದ್ದು ಅವ್ರ್‌ಗೂ ಹೇಳ್ದೆ ಬೆಳಗ್ಗೆ ನಾನು ಒರೆಸ್ತಿದ್ದೆ, ವಾಸಿ ಆದ್‌ಮೇಲೆ ಬರೀತಿದ್ದೆ."

ಪ್ರೀತಿಯಿಂದ ಮಾಡಿದ್ದರು. ಅದೇ ನನಗೆ ಸಿಡಿಲಿನಂತೆ ಬಡಿದದ್ದು. ನನ್ನ ಶತ್ರುಗಳು ಮಾಡಿದ್ದರೆ ಬೈದು ಹಗುರವಾಗುತ್ತಿದ್ದೆ. ಎರಡು ವರ್ಷ ಊರೆಲ್ಲ ತಿರುಗಿ ಹೇಳಿದ್ದ ಮಾತುಗಳೆಲ್ಲ ನಾಲಿಗೆಯ ಮೇಲೆ ಹುಳಿಯಾದವು. ಶಾಲು ತೆಗೆದು ಮೂಟೆಯ ಮೇಲೆ ಎಸೆದೆ. "ಬರಿ," ಎಂದೆ ಖಾತೂನ್‌ಬಿಗೆ. "ಎಲ್ಲಾರ್ದೂ ಬರಿ. ಈಗ್ಲೇ."

"ಒಟ್ಟಿಗೆ ಬ್ಯಾಡ ಕಣವ್ವ," ಎಂದಳು ಜವರಮ್ಮ. "ತಡ್ಕಳಾಕಾಗಲ್ಲ."

"ಬರಿ."

ಖಾತೂನ್‌ಬಿ ಸೀಮೆಸುಣ್ಣ ತೆಗೆದುಕೊಂಡಳು. ಮೊದಲ ಹೆಸರು ಜವರಮ್ಮನದು. ಮೊಣಕಾಲು ಬಂತು, ಆದರೆ ಅದು ನನಗೆ ಗೊತ್ತಿದ್ದ ಮೊಣಕಾಲಲ್ಲ. ಮೂಳೆಗೆ ಮೂಳೆ ಉಜ್ಜಿ ಕಣ್ಣು ಕತ್ತಲಿಟ್ಟಿತು. ಈ ಕಾಲಿನಲ್ಲಿ ಅವಳು ದಿನಾ ನನ್ನ ಕಣ್ಣೆದುರೇ ಕುಂಟುತ್ತ ಹೋಗಿದ್ದಳು, ನಾನು ನೋಡಿರಲಿಲ್ಲ. ಎರಡನೆಯದು ಖಾತೂನ್‌ಬಿಯದೇ, ಎದೆಯಲ್ಲಿ ಗೂಡು ಕಟ್ಟಿದ ಕೆಮ್ಮು. ಮೂರನೆಯ ಹೆಸರು ಮಾದೇವಿಯದು, ಬೆನ್ನಿನ ಮೇಲೆ ಬೆಲ್ಟಿನ ಏಟಿನ ಉರಿ ಎದ್ದಿತು. ನಾನು ತಿರುಗಿ ಅವಳನ್ನು ನೋಡಿದೆ, ಅವಳು ಸೆರಗು ಎಳೆದುಕೊಂಡು ನೆಲ ನೋಡಿದಳು. ಆಮೇಲೆ ಉರಿ, ಊತ, ಕಿವಿಯ ಕುಟುಕು, ತಿಂಗಳಿಂದ ನಿಲ್ಲದ ಹೊಟ್ಟೆಸೆಳೆತ, ಹಸಿವು, ಇನ್ನೊಂದು ಹಸಿವು. ನಾನು ಮೂಟೆಯ ಮೇಲೆ ಕೂತೆ, ಮೂಟೆಯಿಂದ ನೆಲಕ್ಕೆ ಜಾರಿದೆ. ಖಾತೂನ್‌ಬಿಯ ಕೈ ನಿಂತರೆ, ಬರಿ ಎನ್ನುತ್ತಿದ್ದೆ. ಒಂದೊಂದು ಹೆಸರಿಗೂ ಒಂದೊಂದು ಮುಖವನ್ನು ನೋಡಿದೆ. ಎಷ್ಟು ಸೊರಗಿದ್ದರು ಎಲ್ಲರೂ. ಇಷ್ಟು ದಿನ ಮೈ ಸುಮ್ಮನಿದೆ ಎಂದು ನಾನು ಕಣ್ಣುಗಳಿಗೂ ರಜೆ ಕೊಟ್ಟಿದ್ದೆ.

ಕೊನೆಗೆ ಸೀಮೆಸುಣ್ಣ ನಿಂತಿತು. ನಾನು ನೆಲದಲ್ಲೇ ಕೂತು ಹೆಸರುಗಳನ್ನು ಎಣಿಸಿದೆ. ಮೂವತ್ತಮೂರು ಇದ್ದವು. ಇನ್ನೊಮ್ಮೆ ಎಣಿಸಿದೆ. "ಒಂದು ಕಮ್ಮಿ ಅದೆ," ಎಂದೆ.  ಹೇಗೋ ಎದ್ದು ಬಾಗಿಲವರೆಗೆ ಬಂದು ಮಣೆಗಳನ್ನು ನೋಡಿದೆ. ಕಿಟಕಿಯ ಪಕ್ಕದ ಮಣೆ ಖಾಲಿ ಇತ್ತು, ಬೋಗುಣಿ ಒಣಗಿ ಧೂಳು ಹಿಡಿದಿತ್ತು. ಅದು ಸಣ್ಣತಾಯಿಯ ಜಾಗ. ನಲವತ್ತರ ಹೆಂಗಸು, ವಿಧವೆ, ಒಂಟಿ ಮನೆ. ಶೆಡ್ಡಿನಲ್ಲೇ ಅತಿ ನಯವಾದ ಎಳೆ ತೆಗೆಯುವವಳು. "ಸಣ್ಣತಾಯಿ ಎಲ್ಲಿ?" ಎಂದು ಕೇಳಿದೆ.

"ಮನೇಲವ್ಳೆ," ಎಂದಳು ಜವರಮ್ಮ. "ನಾಕು ತಿಂಗ್ಳಾಯ್ತು. ಕಡಾಯಿ ಜಾರಿ ಬಲಗೈ ಮ್ಯಾಲೆ ಬಿತ್ತು. ಗೂಡು ಬೇಯಾ ನೀರು, ಕುದೀತಿತ್ತು. ಕಿರುಚುದ್ದು ಕೇಳುದ್ದೇ ನಾನು ಓಡೋಗಿ ಒರೆಸ್ಬುಟ್ಟೆ. ನೀನು ಇಸ್ಕೂಲಲ್ಲಿ ಮಾತಾಡಾಕೆ ಹೋಗಿದ್ದೆ. ನಿಂಗೆ ತಟ್ಟಬಾರ್ದು ಅಂತ." ಹೇಳುವಾಗ ಅವಳ ದನಿಯಲ್ಲಿ ಈಗಲೂ ಒಂದು ಎಳೆ ಹೆಮ್ಮೆ ಇತ್ತು. "ದಿನಾ ಯಾರಾರಾ ಒಬ್ರು ಗಂಜಿ ಕೊಟ್ಟು ಬತ್ತೀವಿ. ಸುಟ್ಟ ಗಾಯಕ್ಕೆ ಸೊಪ್ಪು ಅರ್ದು ಹಾಕುದ್ವಿ. ಇನ್ನೊಂದು ವಾರ, ಇನ್ನೊಂದು ವಾರ ಅಂತ ಹೆಸರು ಬರೀಲಿಲ್ಲ. ಒರೆಸಿದ್ದು ಅವ್ಳ್ಗೆ ಗೊತ್ತಿಲ್ಲ."

ನನಗೆ ನೆನಪಾಯಿತು. ಜವರಮ್ಮ ಎಷ್ಟು ಓಡಿದರೂ ಮೊಣಕಾಲು ಸವೆದವಳು, ನಾಲ್ಕು ಹೆಜ್ಜೆ ತಡವಾಗಿತ್ತು. ಶಾಲೆಯಲ್ಲಿ ಮೇಷ್ಟ್ರುಗಳ ಮುಂದೆ ನಿಂತು, ಆಳಿನ ಕಿವಿ ಅವನ ಮೈಯೇ ಎನ್ನುತ್ತಿದ್ದಾಗ ಬಲಗೈಗೆ ಚುರ್ ಎಂದು ಬೆಂಕಿ ಮುಟ್ಟಿದ ಹಾಗಾಗಿ ಮಾತು ತಡವರಿಸಿತ್ತು. ಮರುಕ್ಷಣ ಮಾಯ. ಯಾರೋ ಬಿಸಿ ಪಾತ್ರೆ ಮುಟ್ಟಿ ಕೈ ಹಿಂದೆಗೆದಿರಬೇಕು ಎಂದುಕೊಂಡು, ಒಂದು ಲೋಟ ನೀರು ಕುಡಿದು, ಭಾಷಣ ಮುಂದುವರಿಸಿದ್ದೆ. ಚೆನ್ನಾಗಿ ಮಾತಾಡಿದಿರಿ ಎಂದು ಹೆಡ್‌ಮಾಸ್ಟರು ಕೈಮುಗಿದಿದ್ದರು.

ಖಾತೂನ್‌ಬಿಯ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ನಾನೇ ಬರೆದೆ. ನನ್ನ ಅಕ್ಷರ ಕಾಗೆಕಾಲು, ಆದರೂ ಸಣ್ಣತಾಯಮ್ಮ ಎಂದು ಪೂರ್ತಿ ಬರೆದು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಹಲ್ಲು ಕಚ್ಚಿ ಕಾದೆ. ಏನೂ ಬರಲಿಲ್ಲ. ಮ ಅಕ್ಷರದ ಒತ್ತನ್ನು ಇನ್ನೊಮ್ಮೆ ತಿದ್ದಿದೆ. ಬರಲಿಲ್ಲ. ಇದ್ದ ಮೂವತ್ತಮೂರರ ನಡುವೆ ಹೊಸದು ಒಂದೂ ಸೇರಲಿಲ್ಲ. ನಮ್ಮೂರಿನಲ್ಲಿ ಹೆಸರು ಬರೆದೂ ನೋವು ಬಾರದಿದ್ದರೆ ಅದಕ್ಕೆ ಒಂದೇ ಅರ್ಥ. ಜವರಮ್ಮ ಎದೆ ಬಡಿದುಕೊಂಡಳು. "ಬೆಳಗ್ಗೆ ಗಂಜಿ ಕುಡ್ದವ್ಳೆ ಕಣವ್ವ, ನಾನೇ ಕೊಟ್ಬಂದೆ," ಎನ್ನುತ್ತ ಅಲ್ಲೇ ಕುಸಿದಳು.

ನಾನು ಮತ್ತೆ ಓಡಿದೆ. ಈ ಸಲ ಓಟವಲ್ಲ, ಮೂವತ್ತಮೂರು ಜನರನ್ನು ಹೊತ್ತುಕೊಂಡು ತೆವಳಿದ್ದು. ಸಣ್ಣತಾಯಿಯ ಮನೆ ಕೆರೆ ಏರಿಯ ಆಚೆ. ಬೀದಿ ತಿರುಗಿದ ಕೂಡಲೇ ಅವಳು ಜಗಲಿಯ ಮೇಲೆ ಕೂತಿರುವುದು ಕಂಡಿತು. ಮುಂದೆ ಮೊರ, ಎಡಗೈಯಲ್ಲಿ ಅವರೆಕಾಳು ಆರಿಸುತ್ತಿದ್ದಳು. ಬಲಗೈ ಸೆರಗಿನ ಒಳಗಿತ್ತು. ನಾನು ಜಗಲಿಯ ಮೆಟ್ಟಿಲ ಮೇಲೆ ಕುಕ್ಕರಿಸಿ, ಉಸಿರು ಬಿಡುತ್ತ, ಅವಳ ಮುಖವನ್ನೇ ನೋಡಿದೆ. ಬದುಕಿದ್ದಾಳೆ, ಬದುಕಿದ್ದಾಳೆ ಎಂದು ಮನಸ್ಸು ಒಂದೇ ಸಮ ಹೇಳುತ್ತಿತ್ತು.

"ಬಂದ್ಯಾ ದೊಡ್ಡಕ್ಕ," ಎಂದಳು. ಸಂತೋಷವೂ ಇಲ್ಲ, ಸಿಟ್ಟೂ ಇಲ್ಲ.

"ನೋವು ಹೆಂಗದೆ?" ಎಂದೆ. ಜೀವಮಾನದಲ್ಲಿ ಯಾರನ್ನೂ ಕೇಳಿರದ ಮಾತು. ಬಾಯಲ್ಲಿ ಎಡವಟ್ಟಾಗಿ ಹೊರಳಿತು.

"ನೋವೆಲ್ಲಿ. ಹೋಗಿ ತಿಂಗ್ಳಾಯ್ತು." ಅವಳು ಸೆರಗಿನಿಂದ ಕೈ ಹೊರತೆಗೆದಳು. ಶೆಡ್ಡಿನಲ್ಲೇ ಅತಿ ನಯವಾದ ಎಳೆ ಹಿಡಿಯುತ್ತಿದ್ದ ಆ ಬೆರಳುಗಳು ಒಂದಕ್ಕೊಂದು ಅಂಟಿ, ಒಳಕ್ಕೆ ಮುದುಡಿ, ಒಣಗಿದ ಬೇರಿನ ಬಣ್ಣಕ್ಕೆ ತಿರುಗಿದ್ದವು. ಬರೀ ಕುದಿವ ನೀರು ಬಿದ್ದ ಕೈ ಇಷ್ಟು ಹಾಳಾಗುವುದಿಲ್ಲ. ಸುಟ್ಟ ಕೈಗಳನ್ನು ಇಪ್ಪತ್ತು ವರ್ಷ ನೋಡಿದ್ದೇನೆ. ನಾನು ದಿಗಿಲುಗೊಂಡು ಕೇಳಿದೆ, "ಯಾಕವ್ವ ಒಂದು ಮಾತು ಹೇಳಿ ಕಳಿಸ್ನಿಲ್ಲ?"

ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. "ಏನಂತ ಹೇಳಿ ಕಳಿಸ್ಲಿ? ನಿಂಗೆ ಗೊತ್ತಾಗ್ತಿತ್ತಲ್ಲ." ಮೊರದಲ್ಲಿ ಒಂದು ಹುಳುಕು ಕಾಳನ್ನು ಹುಡುಕಿ ಪಕ್ಕಕ್ಕೆ ಹಾಕಿದಳು. "ಕಡಾಯಿ ಬಿದ್ದ ದಿನ ಆಸ್ಪತ್ರೆಗೆ ಕರ್ಕೊಂಡೋಗಾಕೆ ಬತ್ತಾಳೆ ಅಂತ, ಒಂದೇ ಕೈಲಿ ಒಳ್ಳೆ ಸೀರೆ ಉಟ್ಕಂಡು ಇಲ್ಲೇ ಕುಂತಿದ್ದೆ. ಮಾರ್ನೆ ದಿನಾನೂ ಕುಂತಿದ್ದೆ. ಆಮ್ಯಾಕೆ ಅನ್ಕಂಡೆ, ಮೂವತ್ತನಾಕು ಜನ ಅವ್ರೆ, ನನ್ ನೋವು ಅವ್ರುದ್ರಲ್ಲಿ ಬೆರ್ತೋಗೈತೆ, ದೊಡ್ಡಕ್ಕಂಗೆ ಯಾರ್ದು ಅಂತ ಗೊತ್ತಾಗಾಕಿಲ್ಲ. ಅದುಕ್ಕೇ ಅದುಮ್ತಿದ್ದೆ."

"ಏನ ಅದುಮ್ತಿದ್ದೆ?"

"ಗಾಯಾವ. ನಿಂಗೆ ಎದ್ದು ಕಾಣ್ಲಿ ಅಂತ. ದಿನಾ ದೀಪ ಹಚ್ಚೋ ಹೊತ್ಗೆ. ಆ ಹೊತ್ನಲ್ಲಿ ನೀನು ಮನೇಲಿರ್ತೀಯ, ಕೆಲ್ಸ ಇರಲ್ಲ, ಗ್ಯಾನ ಕೊಡ್ತೀಯ ಅಂತ. ಮೊದ್ಲು ಹೆಬ್ಬೆಟ್ಟಲ್ಲಿ ಅದುಮ್ತಿದ್ದೆ. ನೀನು ಬರ್ನಿಲ್ಲ. ಆಮ್ಯಾಕೆ ಬಾಗ್ಲ ಸಂದೀಲಿ ಇಟ್ಕಂಡು ಅದುಮ್ದೆ. ಮೂರು ತಿಂಗ್ಳು ಕರ್ದೆ ದೊಡ್ಡಕ್ಕ. ಒಂದಿನ ಅದುಮುದ್ರೆ ಏನೂ ಆಗ್ನಿಲ್ಲ. ಅದು ನಿಂತೋದ್ಮ್ಯಾಲೆ ನಿನ್ನ ಕರಿಯಾದೆಂಗೆ?"

 ದೀಪ ಹಚ್ಚುವ ಹೊತ್ತು. ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಕಾಲು ಚಾಚಿ ಕೂತು ಕಡಲೆಪುರಿ ತಿನ್ನುತ್ತ ಮಾರನೇ ದಿನದ ಭಾಷಣ ಹೊಂದಿಸುತ್ತಿದ್ದೆ. ಊರಿಗೆಲ್ಲ ನೆಮ್ಮದಿಯ ಹೊತ್ತು ಅದು ಎಂದುಕೊಳ್ಳುತ್ತಿದ್ದೆ. ಬೀದಿಯ ತಿರುವಿನಲ್ಲಿ ಜವರಮ್ಮ ಬಂದು ನಿಂತಿದ್ದಳು, ಕುಂಟಿಕೊಂಡು ನನ್ನ ಹಿಂದೆಯೇ ಬಂದಿದ್ದಳು. ಸಣ್ಣತಾಯಿಯ ಮಾತು ಅವಳಿಗೂ ಕೇಳಿಸಿತ್ತು. ಬಾಯಿಗೆ ಸೆರಗು ತುರುಕಿಕೊಂಡು, ಹೇಳಬೇಡ ಎನ್ನುತ್ತಿದ್ದಳೋ ಹೇಳಿಬಿಡು ಎನ್ನುತ್ತಿದ್ದಳೋ, ತಲೆ ಆಡಿಸುತ್ತಲೇ ಇದ್ದಳು.

"ಒಂದೇ ಒಂದು ಮಾತು ಹೇಳ್ಬುಡು," ಎಂದಳು ಸಣ್ಣತಾಯಿ. "ಬ್ಯಾರೆ ಏನೂ ಕೇಳಾಕಿಲ್ಲ. ಗೊತ್ತಿದ್ದೂ ಯಾಕ್ ಬರ್ನಿಲ್ಲ?"

ನಿನ್ನ ಹೆಸರು ಹಲಗೆಯಲ್ಲಿ ಇರಲಿಲ್ಲ ಎಂದರೆ ಮುಗಿಯುತ್ತಿತ್ತು. ಅದು ಸುಳ್ಳೂ ಅಲ್ಲ. ಆದರೆ ಹೆಸರು ಒರೆಸಿದವರೂ ನಾಲ್ಕು ತಿಂಗಳು ಗಂಜಿ ಕೊಟ್ಟವರೂ ಒಬ್ಬರೇ, ಅವರ ಮುಖವನ್ನು ಅವಳು ಮತ್ತೆ ನೋಡಬೇಕಿತ್ತು. ಅಲ್ಲದೆ ಶಾಲೆಯಲ್ಲಿ ಬಲಗೈಗೆ ಬೆಂಕಿ ಮುಟ್ಟಿದ್ದು ಯಾರಿಗೆ? ಜವರಮ್ಮನಿಗಲ್ಲ.

"ಬಂದಿತ್ತು ಕಣವ್ವ," ಎಂದೆ. "ನಿನ್ ನೋವು ನಂಗೆ ಬಂದಿತ್ತು. ಆಗ ನಾನು ಮಾತಾಡ್ತಾ ಇದ್ದೆ. ನೀರು ಕುಡ್ದು ಮುಂದ್ಕೆ ಮಾತಾಡ್ದೆ."

 ಸಣ್ಣತಾಯಿ ಮೊರವನ್ನು ಪಕ್ಕಕ್ಕೆ ಸರಿಸಿ, ಆ ಕೈಯನ್ನು ಎತ್ತಿ ನನ್ನ ಮಡಿಲಲ್ಲಿ ಇಟ್ಟಳು. "ಅದುಮು," ಎಂದಳು. "ನೀನೇ ಒಂದ್ಸಲ ಅದುಮಿ ನೋಡು."

ಅದುಮಿದೆ. ಎರಡೂ ಕೈಯಲ್ಲಿ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಅದುಮಿದೆ. ಸಣ್ಣತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮೂವತ್ತಮೂರು ಜನರ ನೋವು ನನ್ನ ಮೈತುಂಬ ಕುದಿಯುತ್ತಿತ್ತು, ಅವಳದು ಬರಲಿಲ್ಲ.